ಪಕ್ಕದ ಸೀಟಿನಲ್ಲಿ ಜಯರಾಮಪ್ಪ

ದೀಪ ಹತ್ತಿದ ದಿನದಿಂದ ಜಯರಾಮಪ್ಪ ಮಗನ ಕಾರು ಬಿಟ್ಟು ಇಳಿದಿರಲಿಲ್ಲ. ಊಟಕ್ಕೆ, ನಿದ್ದೆಗೆ ಇಳಿಯುತ್ತಿದ್ದನೆಂಬುದು ಬೇರೆ ಮಾತು. ಕಾರು ಓಡುವಷ್ಟು ಹೊತ್ತೂ ಸೀನಪ್ಪನ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಟವೆಲು ಮಡಿಸಿಟ್ಟುಕೊಂಡು, ರಸ್ತೆಯನ್ನು ನೋಡದೆ ಆ ದೀಪವನ್ನೇ ನೋಡುತ್ತ ಕೂತಿರುತ್ತಿದ್ದ.

ದೀಪವೆಂದರೆ ದೊಡ್ಡದೇನಲ್ಲ. ಸ್ಟೇರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಕೆಳಗೆ, ಕಡಲೆಕಾಳಿನಷ್ಟು ಅಗಲ. ಹಳದಿ ಬೆಳಕು, ಅದರ ನಡುವೆ ಎಂಜಿನ್ನಿನ ಆಕಾರದ ಒಂದು ಪುಟ್ಟ ಚಿತ್ರ. ಕೀಲಿ ತಿರುಗಿಸಿದಾಗ ಅದು ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು ಎಂದು ಕಾರು ಮಾರಿದವರು ಹೇಳಿದ್ದರು. ಕಾರ್ತಿಕ ಮಾಸ ಹುಟ್ಟಿದ ಮೇಲೆ ಅದು ಆರುವುದನ್ನು ಮರೆಯಿತು. ಮೊದಮೊದಲು ಬೆಳಿಗ್ಗೆ ಹತ್ತಿ ಮಧ್ಯಾಹ್ನ ಆರುತ್ತಿತ್ತು. ಆಮೇಲೆ ಹತ್ತಿದ್ದು ಹತ್ತಿದಂತೆಯೇ ಉಳಿಯಿತು.

ಅದು ತೊಂಬತ್ತೊಂಬತ್ತನೆಯ ಇಸವಿ. ಕಂಪ್ಯೂಟರು ತಾನೇ ಪೆಟ್ರೋಲು ಅಳೆದು ಕೊಡುವ ಕಾರುಗಳು ಆಗಷ್ಟೇ ಬಂದಿದ್ದವು. ಬಂಗಾರಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಉಳಿದವೆಲ್ಲ ಹಳೆಯ ಅಂಬಾಸಿಡರುಗಳು. ಹೊಸ ತಳಿಯದೆಂದರೆ ಸೀನಪ್ಪನದೊಂದೇ. ಹಾಗಾಗಿ ದೀಪದ ವಿಷಯದಲ್ಲಿ ಯಾರಿಗೂ ಏನೂ ತಿಳಿಯದಿದ್ದರೂ ಎಲ್ಲರೂ ಹೇಳುವವರೇ. ಎಂಜಿನ್ ಒಳಗೆ ಬೆಂಕಿ ಹತ್ತುವ ಮುಂಚೆ ಹೀಗೆ ಬರುತ್ತದೆ ಎಂದ ಒಬ್ಬ. ಸ್ಟ್ಯಾಂಡಿನ ಹಿರಿಯ ಡ್ರೈವರ್ ಸೊಣ್ಣಪ್ಪ ಮಾತ್ರ ಬೀಡಿ ಹಚ್ಚುತ್ತ, "ಬಲ್ಬು ಕಿತ್ತಾಕ್ಲಾ ಸೀನ. ಬಲ್ಬೇ ಇಲ್ಲದಿದ್ರೆ ರೋಗ ಎಲ್ಲಿಂದ ಬತ್ತದೆ?" ಅಂದ. ಎಲ್ಲರೂ ನಕ್ಕರು. ಜಯರಾಮಪ್ಪ ನಗಲಿಲ್ಲ.

ಅವನ ಹಿರಿಯ ಮಗ ರಾಮಚಂದ್ರಪ್ಪ ಎರಡು ವರ್ಷದ ಹಿಂದೆ ಟೊಮೇಟೊ ಲಾರಿ ಹೊಡೆದುಕೊಂಡು ಮದರಾಸಿನ ಕಡೆಗೆ ಹೋದವನು ಮೊಗಿಲಿ ಘಾಟಿನ ಇಳಿಜಾರಿನಲ್ಲಿ ತೀರಿಕೊಂಡಿದ್ದ. ಬ್ರೇಕು ಹಿಡಿಯಲಿಲ್ಲ ಎಂದರು ಕೆಲವರು, ಕಣ್ಣು ಹತ್ತಿತ್ತು ಎಂದರು ಕೆಲವರು. ಜಯರಾಮಪ್ಪನಿಗೆ ಗೊತ್ತಿದ್ದುದು ಇಷ್ಟೆ: ಆ ದಿನ ಮಗ ಉಪ್ಪಿನಕಾಯಿ ಸಾಲದೆಂದು ತಾಯಿಯನ್ನು ರೇಗಿಸಿ, ನಗುತ್ತ ಎದ್ದು ಹೋದ. ಮನೆಯಲ್ಲಿ ಹಲ್ಲಿ ಲೊಚಗುಟ್ಟಲಿಲ್ಲ, ದಾರಿಗೆ ಬೆಕ್ಕು ಅಡ್ಡ ಬರಲಿಲ್ಲ. ಯಾವುದೂ ಮುಂಚೆ ಹೇಳಲಿಲ್ಲ. ಈಗ ಉಳಿದಿರುವವನ ಕಾರಿನಲ್ಲಿ ಏನೋ ಒಂದು ಹಗಲೆಲ್ಲ ಹೇಳುತ್ತಲೇ ಇದೆ, ಏನು ಹೇಳುತ್ತಿದೆಯೆಂದು ತಿಳಿಯುವುದಿಲ್ಲ. ಇದಕ್ಕಿಂತ ಕೆಟ್ಟ ಭಯ ಬೇರೆ ಬೇಕೆ?

ಹೆಂಡತಿ ಕದಿರಮ್ಮ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಬಂಗಾರು ತಿರುಪತಿಯ ವೆಂಕಟರಮಣನಿಗೆ ಮುಡಿಪು ಕಟ್ಟಿದಳು. ಜಯರಾಮಪ್ಪ ಅದೆಲ್ಲದಕ್ಕೂ ಕೈಮುಗಿದು, ಅದರ ಮೇಲೆ ತಾನೂ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಆದರೆ ಅವನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಬರುವುದೇನಿದ್ದರೂ ಬರಲಿ, ಪಕ್ಕದಲ್ಲಿ ಮುದುಕನೊಬ್ಬ ಕೂತಿರುವಾಗ ಅದು ಮೊದಲು ಅವನನ್ನು ದಾಟಿಯೇ ಹುಡುಗನ ಹತ್ತಿರ ಹೋಗಬೇಕು.

"ನೀನು ಕೂತ್ರೆ ಒಬ್ಬ ಪ್ಯಾಸೆಂಜರ್ ಕಮ್ಮಿ ಆಗ್ತಾನಪ್ಪಾ," ಎಂದು ಸೀನಪ್ಪ ಒಂದೆರಡು ಸಲ ಹೇಳಿ ನೋಡಿದ.

"ಆಗ್ಲಿ."

"ಘಾಟ್ ಕಡೆ ಬಾಡಿಗೇನೂ ಒಪ್ಕಣಂಗಿಲ್ಲ."

"ಬ್ಯಾಡ."

ಸೀನಪ್ಪನಿಗೆ ಇಪ್ಪತ್ತೇಳು ವರ್ಷ. ಅಣ್ಣ ಸತ್ತ ಮೇಲೆ ಅಪ್ಪನ ಎದುರು ದನಿ ಏರಿಸುವುದನ್ನು ಅವನು ಬಿಟ್ಟೇಬಿಟ್ಟಿದ್ದ. ಸುಮ್ಮನೆ ಗೇರು ಹಾಕುತ್ತಿದ್ದ.

ಆ ಬೆಳಿಗ್ಗೆ ಬಾಡಿಗೆಯಿದ್ದುದು ಮಂಗಮ್ಮನದು. ಕೆಜಿಎಫ್‌ಗೆ ಹೋಗುವ ರೈಲುಹಳಿಯ ಆಚೆ ಬದಿಯ ಒಂದು ಹಳ್ಳಿಯವಳು. ಬೆಂಗಳೂರಿನ ಮಗಳ ಮನೆಗೆ ಹೊರಟಿದ್ದಳು. ಒಂದು ಮೂಟೆ ಅವರೆಕಾಯಿ, ಒಂದು ಟ್ರಂಕು, ಬಾಯಿತುಂಬ ಎಲೆಯಡಿಕೆ. ಬಂಗಾರಪೇಟೆ ಸ್ಟೇಷನ್ನಿಗೆ ಬಿಡಬೇಕಾಗಿತ್ತು. ಹಿಂದಿನ ಸೀಟಿನಲ್ಲಿ ಕೂತವಳು ಮುಂದಿದ್ದ ಜಯರಾಮಪ್ಪನನ್ನು ನೋಡಿದಳು.

"ಏನಣ್ಣಯ್ಯ, ನೀನೂ ಮಗಳ ಮನೇಗಾ?"

"ಇಲ್ಲಮ್ಮ. ಸುಮ್ನೆ."

"ಸುಮ್ನೆ ಕೂತ್ಕಣಾಕೆ ಕಾರು ಯಾಕಪ್ಪಾ, ನಿಮ್ಮನೇಗೆ ಜಗಲಿ ಇಲ್ವಾ?"

ಸೀನಪ್ಪ ನಗು ತಡೆದುಕೊಂಡ. ಜಯರಾಮಪ್ಪ ದೀಪವನ್ನು ನೋಡಿದ. ಹೊಲಗಳ ನಡುವಿನ ಮಣ್ಣುದಾರಿ, ಎರಡೂ ಕಡೆ ಕೊಯ್ಲಿಗೆ ಬಂದ ರಾಗಿ. ಮುಂದೆ ದಾರಿ ಸ್ವಲ್ಪ ಮೇಲೇರಿ ರೈಲುಹಳಿಯನ್ನು ದಾಟುತ್ತಿತ್ತು. ಅಲ್ಲಿ ಗೇಟಿಲ್ಲ, ಕಾಯುವವನಿಲ್ಲ. ನಿಂತು ನೋಡಿ ಹೋಗಿ ಎಂದು ಬರೆದ ಒಂದು ಹಲಗೆ ಮಾತ್ರ. ಬರುವಾಗ ತೊಂದರೆಯಿಲ್ಲದೆ ದಾಟಿದ್ದರು. ಈಗಲೂ ಸೀನಪ್ಪ ಕಾರು ನಿಲ್ಲಿಸಿ, ಎರಡೂ ಕಡೆ ನೋಡಿ, ಮೊದಲ ಗೇರಿನಲ್ಲಿ ಮೆಲ್ಲಗೆ ಏರಿಸಿದ. ಮುಂದಿನ ಚಕ್ರಗಳು ಎರಡನೆಯ ಕಂಬಿಯನ್ನು ದಾಟಿ ಇಳಿದವು. ಅಷ್ಟರಲ್ಲಿ ಎಂಜಿನ್ ಒಮ್ಮೆ ನಡುಗಿತು, ಕೆಮ್ಮಿತು, ನಿಂತೇಹೋಯಿತು.

ಸೀನಪ್ಪ ಕೀಲಿ ತಿರುಗಿಸಿದ. ಕರ್‍ರ್ ಕರ್‍ರ್ ಎಂದಿತೇ ಹೊರತು ಹತ್ತಲಿಲ್ಲ. ಮತ್ತೆ ತಿರುಗಿಸಿದ. ಹಸಿ ಪೆಟ್ರೋಲಿನ ವಾಸನೆ ಕಾರಿನೊಳಗೆಲ್ಲ ತುಂಬಿತು. ಆಗ ಬಂಗಾರಪೇಟೆಯ ಕಡೆಯ ತಿರುವಿನಿಂದ ರೈಲು ಕೂಗಿತು.

ಜಯರಾಮಪ್ಪ ಆ ಕೂಗು ಬಂದ ಕಡೆಗೆ ತಿರುಗಿದ. ತಿರುಗಿದರೆ ಅವನಿಗೆ ಎದುರಾದದ್ದು ಮಗನ ಮುಖ. ರೈಲು ಬರುತ್ತಿದ್ದುದು ಡ್ರೈವರ್ ಬಾಗಿಲಿನ ಕಡೆಯಿಂದ. ಎಲ್ಲವೂ ತನ್ನನ್ನು ದಾಟಿ ಹೋಗಲಿ ಎಂದು ಇಷ್ಟು ದಿನ ಕೂತವನಿಗೆ, ತಾನು ಕೂತದ್ದೇ ಆಚೆ ಮಗ್ಗುಲಲ್ಲಿ ಎಂಬುದು ಆಗ ಹೊಳೆಯಿತು.

"ಇಳೀಲಾ ಸೀನ," ಅಂದ. "ಕಾರು ಬಿಡ್ಲಾ. ಇಳೀಲಾ."

"ಮಂಗಮ್ಮನ್ನ ಇಳಿಸಪ್ಪಾ. ಹಿಂದ್ಲಿಂದ ನೂಕು."

"ನೀನು ಇಳಿ ಮೊದ್ಲು."

"ನೂಕಪ್ಪಾ."

ಮಂಗಮ್ಮ ಯಾರೂ ಇಳಿಸುವ ಮೊದಲೇ ಇಳಿದಿದ್ದಳು. ಓಡಿಹೋಗಬಹುದಾಗಿತ್ತು, ಓಡಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಡಿಕ್ಕಿಗೆ ಹೆಗಲು ಕೊಟ್ಟಳು. ಜಯರಾಮಪ್ಪ ಅವಳ ಪಕ್ಕಕ್ಕೆ ಹೋಗಿ ಕೈ ಇಟ್ಟ. ಕಾಲ ಕೆಳಗಿನ ಜಲ್ಲಿಕಲ್ಲು ಜಾರುತ್ತಿತ್ತು. ಹಿಂದಿನ ಚಕ್ರ ಕಂಬಿಗೆ ಒತ್ತಿ ನಿಂತಿತ್ತು. ಎಷ್ಟು ನೂಕಿದರೂ ಅದು ಕಂಬಿಯನ್ನು ಏರದೆ ಹಿಂದಕ್ಕೇ ಉರುಳುತ್ತಿತ್ತು. ಹಳಿ ಸಣ್ಣಗೆ ಗುಂಯ್‌ಗುಡುವುದು ಅಂಗಾಲಿಗೆ ತಿಳಿಯುತ್ತಿತ್ತು. ಅವನು ಆ ಕಡೆ ನೋಡಲಿಲ್ಲ. ನೋಡಿದರೆ ಕೈ ಬಿಟ್ಟುಹೋಗುತ್ತದೆಂದು ಗೊತ್ತಿತ್ತು. ಗೋವಿಂದ, ಗೋವಿಂದ ಎಂದು ಉಸಿರಿನ ಜೊತೆ ಬಂದಷ್ಟು ಬಂತು.

ಒಳಗೆ ಸೀನಪ್ಪ ಗೇರು ಹಾಕಿದ್ದಂತೆಯೇ ಕ್ಲಚ್ಚು ಬಿಟ್ಟು ಕೀಲಿಯನ್ನು ತಿರುಗಿಸಿ ಹಿಡಿದ. ಎಂಜಿನ್ ಹತ್ತದಿದ್ದರೂ ಬ್ಯಾಟರಿಯ ಬಲಕ್ಕೆ ಕಾರು ಗೂಳಿಯ ಹಾಗೆ ಒಂದು ಹೆಜ್ಜೆ ಮುಂದಕ್ಕೆ ಎಗರಿತು. ಇನ್ನೊಂದು ಹೆಜ್ಜೆ. ಚಕ್ರ ಕಂಬಿಯನ್ನು ಹತ್ತಿ ಆಚೆ ಬಿತ್ತು. ಇಳಿಜಾರು ಸಿಕ್ಕಿದ್ದೇ ಕಾರು ತಾನಾಗಿ ಉರುಳಿತು. ಮುಗ್ಗರಿಸಿ ಬಿದ್ದ ಜಯರಾಮಪ್ಪನನ್ನು ಮಂಗಮ್ಮ ತೋಳು ಹಿಡಿದು ಎಳೆದುಕೊಂಡಳು. ಅವರ ಬೆನ್ನ ಹಿಂದೆ ರೈಲು ಬೈಯುತ್ತ ಹೋಯಿತು. ಅದರ ಗಾಳಿಗೆ ಅವನ ಟವೆಲು ಹಾರಿ ರಾಗಿಹೊಲದಲ್ಲಿ ಬಿತ್ತು.

ಸೀನಪ್ಪ ಕಾರಿನಿಂದಿಳಿದು ಬಂದು ಅಪ್ಪನ ಮೊಣಕಾಲಿನ ಮಣ್ಣು ಒರೆಸಿದ. ಮಂಗಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗುಳಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಗಳ ಮನೇಗೆ ಬಿಡಪ್ಪಾ ಅಂದಿದ್ದೆ," ಅಂದಳು. "ಯಮನ ಮನೇಗೆ ಅಂತ ಯಾವಾಗಂದೆ?"

ಎಂಜಿನ್ ತಣ್ಣಗಾದ ಮೇಲೆ, ಹಿಂದೆ ಕಪ್ಪು ಹೊಗೆ ಕಾರಿಕೊಂಡು, ಹತ್ತಿತು. ಹಳದಿ ದೀಪವೂ ಅದರ ಜೊತೆಗೇ. ಮಂಗಮ್ಮನನ್ನು ಸ್ಟೇಷನ್ನಿಗೆ ಬಿಟ್ಟ ಮೇಲೆ ಜಯರಾಮಪ್ಪ ಮಗನ ಕಡೆ ನೋಡದೆ ಹೇಳಿದ:

"ಮಾರ್ಬಿಡು."

"ಅಪ್ಪಾ..."

"ನನ್ಗೆ ಒಬ್ನೇ ಉಳ್ದವ್ನೆ. ಮಾರ್ಬಿಡು ಸೀನ."

ಸೀನಪ್ಪ ಅಪ್ಪನ ಕಡೆ ತಿರುಗಿದ. "ಬಚ್ಚಪ್ಪಣ್ಣ ಬೆಂಗಳೂರಿಂದ ಬಂದವ್ನಂತೆ. ಇಂಥ ಕಾರಿನ ಕೆಲ್ಸ ಕಲ್ತ್ಕಂಡು ಬಂದವ್ನೆ. ತೋರಿಸ್ಬಿಟ್ಟು ಬರಾಣ. ಅವನೂ ಆಗಲ್ಲ ಅಂದ್ರೆ ಮಾರ್ತೀನಿ. ನಿನ್ನಾಣೆ."

ಬಚ್ಚಪ್ಪನ ಶೆಡ್ಡು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿತ್ತು. ಅವನ ಅಪ್ಪ ಗಣಿಯಲ್ಲಿ ಭೂಮಿಯೊಳಗೆ ಕೆಲಸ ಮಾಡಿದವನು. ಜಯರಾಮಪ್ಪ ಅದೇ ಗಣಿಯಲ್ಲಿ, ಜನರನ್ನು ಕೆಳಗಿಳಿಸಿ ಮೇಲೆತ್ತುವ ದೊಡ್ಡ ಎಂಜಿನ್ನಿನ ಡ್ರೈವರಾಗಿ ನಿವೃತ್ತಿಯಾದವನು. ಹಾಗಾಗಿ ಬಚ್ಚಪ್ಪನಿಗೆ ಅವನಲ್ಲಿ ಸಲುಗೆಯೂ ಗೌರವವೂ ಇದ್ದವು.

"ವಾಂಗೊ, ಬನ್ನಿ ಜಯರಾಮಣ್ಣ. ಏನು, ಇಬ್ರ ಮುಖಾನೂ ಸುಣ್ಣ ಬಳ್ದಂಗೈತೆ?"

ಸೀನಪ್ಪ ನಡೆದದ್ದೆಲ್ಲ ಹೇಳಿದ. ಬಚ್ಚಪ್ಪ ನಗುವುದನ್ನು ನಿಲ್ಲಿಸಿದ. ಯಾವಾಗ ನಿಲ್ಲುತ್ತೆ, ತಣ್ಣಗಿದ್ದಾಗಲೋ ಕಾದ ಮೇಲೋ? ಕಾದ ಮೇಲೆ. ಹೊಗೆ ಕಪ್ಪೋ ಬಿಳಿಯೋ? ಕಪ್ಪು. ಪೆಟ್ರೋಲು ಹೆಚ್ಚು ಕುಡೀತಾ? ಕುಡೀತೈತೆ. ಬಲ್ಬು ಗಿಲ್ಬು ಕೀಳಲಿಲ್ಲ ತಾನೆ? ಇಲ್ಲ. "ಕೀಳ್ದೇ ಇದ್ದಿದ್ದು ಪುಣ್ಯ," ಅಂದು ಬಾನೆಟ್ಟು ತೆಗೆದ. ಒಳಗಡೆ ಒಂದು ಮೂಲೆಯಲ್ಲಿ ಮುಚ್ಚಳ ಹಾಕಿದ ಒಂದು ಸಣ್ಣ ಪ್ಲಗ್ಗು ಇತ್ತು. ಅದರ ತೂತುಗಳಲ್ಲಿ ಎರಡನ್ನು ಒಂದು ತುಂಡು ತಂತಿಯಿಂದ ಕೂಡಿಸಿದ.

"ಈಗ ಕೀಲಿ ತಿರುಗ್ಸು ಸೀನ. ಎಂಜಿನ್ ಶುರು ಮಾಡ್ಬ್ಯಾಡ. ದೀಪ ನೋಡ್ರಿ, ಏನು ಕೆಟ್ಟೈತೆ ಅಂತ ಕಂಪ್ಯೂಟರೇ ಮಿನುಗಿಸಿ ಹೇಳ್ತದೆ. ಯಾರೂ ಮಾತಾಡ್ಬ್ಯಾಡ್ರಿ."

ದೀಪ ಒಮ್ಮೆ ಮಿನುಗಿತು. ಬಿಡುವು. ಆಮೇಲೆ ಬೇಗಬೇಗ ನಾಲ್ಕು ಸಲ ಮಿನುಗಿತು. ದೀರ್ಘ ಬಿಡುವು. ಮತ್ತೆ ಒಂದು, ಮತ್ತೆ ನಾಲ್ಕು.

ಜಯರಾಮಪ್ಪನ ಮೈ ಜುಂ ಎಂದಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಬದುಕಿದ್ದೇ ಹೀಗೆ ಎಣಿಸಿಕೊಂಡು. ಎಂಜಿನ್ ಮನೆಯಲ್ಲಿ ಕೂತವನಿಗೆ ಭೂಮಿಯೊಳಗಿನವರು ಕಾಣುವುದಿಲ್ಲ. ಅವರ ಮಾತೆಲ್ಲ ಗಂಟೆಯಲ್ಲೇ. ಇಷ್ಟು ಬಡಿದರೆ ಎತ್ತು, ಇಷ್ಟು ಬಡಿದರೆ ಇಳಿಸು, ಒಂದೇ ಬಡಿದರೆ ನಿಲ್ಲಿಸು. ಅರ್ಥವಾಗದ ಗಂಟೆ ಬಂದರೆ ಎಂಜಿನ್ನಿನ ಮೇಲೆ ಕೈಯಿಡಕೂಡದು. ಹಗ್ಗದ ತುದಿಯಲ್ಲಿ ಮನುಷ್ಯರಿರುತ್ತಾರೆ.

"ಒಂದು ಅಂದ್ರೆ ನಿಲ್ಲು ಅಂತ," ಅಂದ ಅವನು. "ನಿಲ್ಲು ಅಂತೈತೆ ಬಚ್ಚಪ್ಪ. ಇದು ಮುಂದಕ್ಕೋಗ್ಬಾರ್ದು."

"ಅದು ನಿಮ್ಮ ಗಣಿ ಗಂಟೆ ಅಣ್ಣ. ಇಲ್ಲಿ ಒಂದು, ನಾಲ್ಕು ಅಂದ್ರೆ ಹದಿನಾಲ್ಕು ಅಂತ ಓದ್ಬೇಕು." ಬಚ್ಚಪ್ಪ ಗೋಡೆಗೆ ಅಂಟಿಸಿದ್ದ ನಂಬರುಗಳ ಹಾಳೆಯನ್ನೊಮ್ಮೆ ನೋಡಿ ಬಂದ. "ಹದಿನಾಲ್ಕು ಅಂದ್ರೆ ಎಂಜಿನ್ ನೀರಿನ ಬಿಸಿ ಅಳೆಯೋ ಸೆನ್ಸರು."

"ಅದು ಸತ್ತೋಗೈತಾ?"

"ಹಂಗಂತ ಅಲ್ಲ. ಅಲ್ಲಿಂದ ಬರೋ ಸುದ್ದಿ ನಂಬಂಗಿಲ್ಲ, ಅಷ್ಟೆ ಇದು ಹೇಳೋದು. ಊರಿಂದ ಉಷಾರಿಲ್ಲ ಅಂತ ತಂತಿ ಬಂದ್ರೆ ಯಾರ್ಗೆ, ಏನು ಅಂತ ತಂತೀಲಿ ಬರ್ದಿರಲ್ಲ. ಓಗಿ ನೋಡ್ಬೇಕು. ಸುಮಾರು ಜನ ನಂಬರ್ ನೋಡಿ ಸಾಮಾನು ಬದಲಾಯಿಸ್ಬಿಡ್ತಾರೆ. ಸಾಮಾನು ಸರಿಯಾಗೇ ಇರ್ತದೆ, ವೈರು ಕೆಟ್ಟಿರ್ತದೆ."

"ಬಿಸಿ ಅಳೆಯೋದಕ್ಕೂ ಹಳಿ ಮೇಲೆ ನಿಂತಿದ್ದಕ್ಕೂ ಏನ್ಲಾ ಸಂಬಂಧ?"

"ಚಳೀಲಿ ಎಂಜಿನ್‌ಗೆ ಪೆಟ್ರೋಲು ಜಾಸ್ತಿ ಬೇಕು, ಕಾದ ಮೇಲೆ ಕಮ್ಮಿ ಬೇಕು. ಇದು ಕಾದಿದ್ರೂ ಇನ್ನೂ ಚಳಿ, ಚಳಿ ಅಂತ ಸುಳ್ಳು ಸುದ್ದಿ ಓಗ್ತಾ ಐತೆ. ಕಂಪ್ಯೂಟರ್ ನಂಬ್ಕಂಡು ಸುರೀತಾ ಐತೆ. ನಿಧಾನ ಮಾಡಿದ್ದೇ ತಡ, ಎಂಜಿನ್ ಪೆಟ್ರೋಲ್‌ನಾಗೆ ಮುಳುಗೋಯ್ತು."

ಹೇಳುತ್ತಲೇ ಎಂಜಿನ್ನಿನ ನೆತ್ತಿಯ ಮೇಲಿದ್ದ ಹಿತ್ತಾಳೆಯ ಮೊಳೆಯಂಥ ಸೆನ್ಸರಿಗೆ ಸಿಕ್ಕಿಸಿದ್ದ ಪ್ಲಗ್ಗನ್ನು ಮೆಲ್ಲಗೆ ಎಳೆದ. ಪ್ಲಗ್ಗಿನ ಬಾಯೊಳಗೆ ಹಸಿರುಗಟ್ಟಿದ ಕಿಲುಬು. ಅದರ ಸುತ್ತ ಕಂದುಬಣ್ಣದ ಒಣಗಿದ ಅಂಟು, ಅಲ್ಲಲ್ಲಿ ಅರಿಸಿನ ಕುಂಕುಮ. ಬಚ್ಚಪ್ಪ ಮೂಸಿ ನೋಡಿದ. ಉಗುರಿನಿಂದ ಕೆರೆದು ನಾಲಗೆಗೆ ಮುಟ್ಟಿಸಿದ.

"ಉಣಿಸೆಹಣ್ಣು," ಅಂದ. "ಯಾರ್ ಸ್ವಾಮಿ ಇಲ್ಲಿ ಸಾರು ಕಾಯ್ಸಿದ್ದು?"

ಸೀನಪ್ಪ ನಕ್ಕ. ನಗುತ್ತ ಅಪ್ಪನ ಕಡೆ ನೋಡಿದವನು ಅರ್ಧಕ್ಕೇ ನಿಲ್ಲಿಸಿದ.

ಜಯರಾಮಪ್ಪ ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟ. ಗಣಿಯ ಎಂಜಿನ್ ಮನೆಯಲ್ಲಿ ಆಯುಧಪೂಜೆಯೆಂದರೆ ಹಿತ್ತಾಳೆಯ ದಿನ. ಹಿಂದಿನ ದಿನವೇ ಯಂತ್ರ ನಿಲ್ಲಿಸಿ, ಇದ್ದಬದ್ದ ಹಿತ್ತಾಳೆಯ ಸಾಮಾನೆಲ್ಲ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಿ, ಆಮೇಲೆ ಅರಿಸಿನ ಕುಂಕುಮ ಇಡುವುದು. ಬೆಳಗದ ಹಿತ್ತಾಳೆಯ ಮೇಲೆ ಕುಂಕುಮವಿಟ್ಟರೆ ಮೇಸ್ತ್ರಿ ಬೈಯುತ್ತಿದ್ದ. ಈ ದಸರೆಯಲ್ಲಿ ಮಗನ ಕಾರಿಗೂ ಹಾಗೆಯೇ ಮಾಡಿದ್ದ. ಬಾನೆಟ್ಟು ಎತ್ತಿದರೆ ಒಳಗೆಲ್ಲ ಪ್ಲಾಸ್ಟಿಕ್ಕು, ರಬ್ಬರು. ಹಿತ್ತಾಳೆಯೆಂದು ಕಂಡದ್ದು ಅದೊಂದೇ. ಅದರ ಟೋಪಿಯನ್ನು ಎಳೆದು ತೆಗೆದು, ಹುಣಿಸೆಹಣ್ಣಿನಿಂದ ಚಿನ್ನದ ಹಾಗೆ ತಿಕ್ಕಿ, ಬೊಟ್ಟು ಇಟ್ಟು, ಟೋಪಿಯನ್ನು ಮತ್ತೆ ಹಾಕಿದ್ದ. ಈ ಮಗನನ್ನಾದರೂ ಕಾಪಾಡು ಎಂದು ಕಣ್ಣೀರಿಟ್ಟದ್ದೂ ಅಲ್ಲಿಯೇ.

"ನಾನೇ," ಅಂದ.

ಬಚ್ಚಪ್ಪ ಉಗುರನ್ನು ಬಟ್ಟೆಗೆ ಒರೆಸಿಕೊಂಡ. "ಬಿಡಣ್ಣ. ನಮ್ಮ ಕಡೆ ಎಲ್ರೂ ಮಾಡ್ತಾರೆ. ಹಳೇ ಗಾಡಿ ಆಗಿದ್ರೆ ಏನೂ ಆಗ್ತಿರ್ಲಿಲ್ಲ."

ಆದರೆ ಜಯರಾಮಪ್ಪನ ಮನಸ್ಸು ಅಲ್ಲಿರಲಿಲ್ಲ. ಅದು ಎರಡು ವರ್ಷ ಹಿಂದಕ್ಕೆ, ಮನೆಯ ಮುಂದೆ ನಿಂತಿದ್ದ ಒಂದು ಲಾರಿಯ ಹತ್ತಿರಕ್ಕೆ ಹೋಗಿಬಿಟ್ಟಿತ್ತು. ಆ ದಸರೆಯಲ್ಲೂ ಪೂಜೆ ಮಾಡಿದವನು ಅವನೇ. ಲಾರಿಯ ಕೆಳಗೆಲ್ಲ ತೂರಿ ನೀರೆರಚಿ ತೊಳೆದಿದ್ದ. ಏನೇನು ಮುಟ್ಟಿದ್ದ? ಏನನ್ನು ತಿಕ್ಕಿದ್ದ? ನೆನಪಿಗೆ ತಂದುಕೊಳ್ಳಲು ನೋಡಿದ, ಬರಲಿಲ್ಲ. ಹಬ್ಬ ಕಳೆದು ಒಂದು ತಿಂಗಳಿಗೆ ರಾಮಚಂದ್ರಪ್ಪ ಹೋಗಿದ್ದ. ರೈಲಿನ ಮುಂದೆ ನಿಂತಾಗ ಆಗಿದ್ದ ಭಯ ಈ ಭಯದ ಮುಂದೆ ಏನೂ ಅಲ್ಲ.

"ಬಚ್ಚಪ್ಪ," ಅಂದ. "ಲಾರೀಲಿ... ಬ್ರೇಕಿನ ಕಡೆ... ಇಂಥವು ಇರ್ತಾವಾ?"

ಬಚ್ಚಪ್ಪ ಕೈಯಲ್ಲಿದ್ದ ಪ್ಲಗ್ಗನ್ನು ಕೆಳಗಿಟ್ಟ. ಯಾವ ಲಾರಿಯೆಂದು ಕೇಳಲಿಲ್ಲ.

"ಇಲ್ಲಣ್ಣ. ಅಂಥ ಲಾರೀಲಿ ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಬ್ರೇಕು ಗಾಳಿ ಒತ್ತಡದಾಗೆ ಹಿಡಿಯೋದು. ನೀರು ಉಯ್ದು ತೊಳ್ದ್ರೆ, ಹಿತ್ತಾಳೆ ತಿಕ್ಕಿದ್ರೆ ಅದು ಕೆಡಾಕಿಲ್ಲ."

"ನಿಜ ಹೇಳು."

"ನಮ್ಮಪ್ಪನ್ನ ಎಷ್ಟು ಸಲ ಮೇಲಕ್ಕೆತ್ತಿದ್ದೀರಿ ನೀವು. ನಿಮ್ಮತ್ರ ಸುಳ್ಳೇಳ್ತೀನಾ?"

"ಮತ್ತೆ ಅದ್ಯಾಕೆ ಹಂಗಾಯ್ತು?"

"ಅದು ನನ್ಗೆ ಗೊತ್ತಿಲ್ಲಣ್ಣ. ನಾನು ಆ ಗಾಡೀನ ನೋಡಿಲ್ಲ. ನೋಡ್ದೇ ಏನೇಳ್ಲಿ?"

ಸೀನಪ್ಪ ಆ ಕಡೆ ತಿರುಗಿ ನಿಂತಿದ್ದ. ಬೀದಿಯಲ್ಲಿ ಯಾರೋ ತಮಿಳಿನಲ್ಲಿ ಮೀನು ಕೂಗಿಕೊಂಡು ಹೋದರು. ಜಯರಾಮಪ್ಪ ಟವೆಲಿಗಾಗಿ ಹೆಗಲು ತಡವಿದ. ಟವೆಲು ರಾಗಿಹೊಲದಲ್ಲೇ ಉಳಿದಿತ್ತು. ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡ.

ಬಚ್ಚಪ್ಪ ಕಿಲುಬು ಕೆರೆದು, ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿದ. ಮೀಟರು ಹಿಡಿದು ನೋಡಿ, ಸೆನ್ಸರು ಜೀವಂತವಾಗಿದೆ ಅಂದ. ಪ್ಲಗ್ಗು ಹಾಕಿ, ಕಂಪ್ಯೂಟರಿನ ಹಳೆಯ ನೆನಪು ಅಳಿಸಿಹೋಗಲೆಂದು ಬ್ಯಾಟರಿಯ ತಂತಿಯನ್ನು ಸ್ವಲ್ಪ ಹೊತ್ತು ಬಿಚ್ಚಿಟ್ಟ. ಆಮೇಲೆ ಸೀನಪ್ಪ ಕೀಲಿ ತಿರುಗಿಸಿದಾಗ ದೀಪ ಹತ್ತಿತು, ಎಂಜಿನ್ ಶುರುವಾಯಿತು, ದೀಪ ಆರಿತು. ಮಾರ್ಕೆಟ್ಟು ಸುತ್ತಿ ಬಂದರು, ಎಂಜಿನ್ ಕಾಯಿತು, ಕಾರು ನಿಲ್ಲಿಸಿದರು, ಮತ್ತೆ ಹೊರಡಿಸಿದರು. ಆರಿದ ದೀಪ ಆರಿಯೇ ಇತ್ತು.

"ಒಂದು ಮಾತು ನೆನಪಿಟ್ಕೋ ಸೀನ," ಅಂದ ಬಚ್ಚಪ್ಪ. "ಕೆಂಪು ದೀಪ ಹತ್ತಿದ್ರೆ ಇದ್ದಲ್ಲೇ ನಿಲ್ಸು. ಹಳದಿ ಹತ್ತಿದ್ರೆ ತಿಂಗಳುಗಟ್ಲೆ ಇಟ್ಕಂಡು ಪೂಜೆ ಮಾಡ್ಬ್ಯಾಡ. ಮೊದ್ಲು ತಂದು ತೋರ್ಸು."

ಬಂಗಾರಪೇಟೆಯ ಸ್ಟ್ಯಾಂಡಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಅಲ್ಲಿ ಸೊಣ್ಣಪ್ಪ ಒಂದು ಬಾಡಿಗೆ ಹಿಡಿದಿಟ್ಟಿದ್ದ. ಕಾಮಸಮುದ್ರದ ಒಂದು ಕುಟುಂಬ, ಹೆಣ್ಣು ನೋಡಲು ಚಿತ್ತೂರಿಗೆ ಹೋಗಬೇಕು. ತನ್ನ ಅಂಬಾಸಿಡರು ಅಷ್ಟು ದೂರ ಬರುವುದಿಲ್ಲ. ಹಿಂದೆ ನಾಲ್ವರು, ಮುಂದೆ ಒಬ್ಬರು. ಮರುದಿನ ವಾಪಸ್ಸು.

ಚಿತ್ತೂರು ಎಂದರೆ ಮೊಗಿಲಿ ಘಾಟು ಇಳಿಯಲೇಬೇಕು.

ಸೀನಪ್ಪ ಕಾರಿನಿಂದಿಳಿಯಲಿಲ್ಲ. ಅಪ್ಪನ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ನೀನು ಬ್ಯಾಡ ಅಂದ್ರೆ ಓಗಲ್ಲಪ್ಪಾ," ಅಂದ.

ಜಯರಾಮಪ್ಪ ಫಲಕವನ್ನು ನೋಡಿದ. ದೀಪವಿದ್ದ ಜಾಗ ಕಪ್ಪಾಗಿತ್ತು. ಇಷ್ಟು ದಿನ ಆ ಬೆಳಕನ್ನು ಕಂಡು ಹೆದರಿದ್ದ. ಈಗ ಅದಿಲ್ಲದ್ದು ಅದಕ್ಕಿಂತ ಹೆಚ್ಚು ಹೆದರಿಸಿತು. ಬೆಳಕಿದ್ದಾಗ ಅದನ್ನು ನೋಡುವುದೊಂದು ಕೆಲಸವಿತ್ತು. ಇನ್ನು ಅವನು ನೋಡುವುದಕ್ಕೆ ಏನೂ ಇಲ್ಲ. ಬ್ಯಾಡ ಎಂಬ ಮಾತು ನಾಲಗೆಯ ಮೇಲೆಯೇ ಇತ್ತು. ಅಂದುಬಿಟ್ಟರೆ ಈ ರಾತ್ರಿ ನಿದ್ದೆ ಬರುತ್ತದೆ. ನಾಳೆ ಇನ್ನೊಂದು ಬಾಡಿಗೆ, ಆಗಲೂ ಬ್ಯಾಡ. ಅವನು ಪಕ್ಕದಲ್ಲಿ ಕೂತಿದ್ದಾಗಲೇ ಕಾರು ಹಳಿಯ ಮೇಲೆ ನಿಂತಿತ್ತು. ನಿಲ್ಲಿಸಿದ ಕೈಯೂ ಅವನದೇ. ಗೇರಿನಲ್ಲಿಟ್ಟು ಈಚೆ ತಂದವನು ಮಗ.

ಬಾಗಿಲಿನ ಹಿಡಿಗೆ ಕೈ ಹಾಕಿದ. ಕೈ ಕೇಳಲಿಲ್ಲ. ಎರಡನೆಯ ಸಲಕ್ಕೆ ತೆರೆಯಿತು.

"ಘಾಟಿನಾಗೆ ಗೇರ್‌ನಲ್ಲೇ ಇಳ್ಸು," ಅಂದ. "ಬರೀ ಬ್ರೇಕು ನಂಬ್ಕಂಡು ಇಳೀಬ್ಯಾಡ."

"ಊನಪ್ಪಾ."

"ಸೇರಿದ ಮೇಲೆ ಅಕ್ಕಯ್ಯಮ್ಮನ ಬೂತ್‌ಗೆ ಒಂದು ಫೋನ್ ಮಾ‌ಡ್ಲಾ."

ಕಾರು ತಿರುಗಿ, ಬಸ್ಸಿನ ಹಿಂದೆ ಮರೆಯಾಯಿತು. ಮುಂದಿನ ಸೀಟಿನಲ್ಲಿ ಜರಿಪೇಟದ ಯಾರೋ ಒಬ್ಬರು, ಮದುವೆಗಂಡಿನ ಸೋದರಮಾವನಿರಬೇಕು, ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕುತ್ತ ಕೂತಿದ್ದರು.

ಅಕ್ಕಯ್ಯಮ್ಮನ ಎಸ್‌ಟಿಡಿ ಬೂತು ಸ್ಟ್ಯಾಂಡಿನ ಎದುರಿಗೇ. ಜಯರಾಮಪ್ಪ ಅದರ ಬೆಂಚಿನ ಮೇಲೆ ಕೂತ. ಫೋನು ಹೊಡೆದಾಗಲೆಲ್ಲ ಅರ್ಧ ಎದ್ದು ನಿಲ್ಲುತ್ತಿದ್ದ. ಒಂದು ಸಲ ಅಕ್ಕಿ ಮಂಡಿಯವರಿಗೆ, ಒಂದು ಸಲ ಯಾರೋ ಹುಡುಗಿಗೆ, ಒಂದು ಸಲ ರಾಂಗ್ ನಂಬರು. "ನೀವು ಹಿಂಗೆ ಎದ್ದು ಕೂತು ಮಾಡಿದ್ರೆ ನನ್ನ ಬೆಂಚು ಮುರ್ದೋಗ್ತದೆ, ಯಜಮಾನ್ರೆ," ಅಂದಳು ಅಕ್ಕಯ್ಯಮ್ಮ. ಅವನಿಗೆ ಟೀ ತರಿಸಿಕೊಟ್ಟಳು. ಟೀ ಆರಿ ಕೆನೆಗಟ್ಟಿತು.

ಹೊತ್ತು ಇಳಿಯಿತು. ಈ ಹೊತ್ತಿಗೆ ಪಲಮನೇರು ದಾಟಿರಬೇಕು. ಈ ಹೊತ್ತಿಗೆ ಘಾಟು. ಅವನು ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದರೆ ಇಳಿಜಾರೇ ಕಾಣುತ್ತಿತ್ತು, ತೆರೆದ. ಈ ಹೊತ್ತಿಗೆ ಸೇರಿರಬೇಕು. ಫೋನು ಸುಮ್ಮನಿತ್ತು.

ಅವನ ಊರಿನ ಮೇಲೆ ಬೂದಿಕೋಟೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಕಂಡಕ್ಟರು ಇದೇ ಕೊನೆ ಗಾಡಿ ಎಂದು ಕೂಗಿದ.

ಜಯರಾಮಪ್ಪ ಫೋನನ್ನು ನೋಡಿದ, ಬಸ್ಸನ್ನು ನೋಡಿದ. ಮನೆಯಲ್ಲಿ ಕದಿರಮ್ಮ ಒಬ್ಬಳೇ. ಕತ್ತಲಾದ ಮೇಲೂ ಇಬ್ಬರೂ ಬರದಿದ್ದರೆ ಅವಳು ಬಾಗಿಲಲ್ಲಿ ನಿಂತುಬಿಡುತ್ತಾಳೆ. ಹಿಂದೊಮ್ಮೆ ಹಾಗೆ ನಿಂತಿದ್ದಾಗಲೇ ಅವಳಿಗೆ ಸುದ್ದಿ ಬಂದದ್ದು. ಅವನು ಎದ್ದ. ಮೊಣಕಾಲಿನಲ್ಲಿ ಬೆಳಿಗ್ಗೆ ಬಿದ್ದ ನೋವು ಈಗ ತಿಳಿಯಿತು.

"ನಿಮ್ಮ ಹುಡುಗ ಮಾಡಿದ್ರೆ ಏನು ಹೇಳ್ಲಿ?" ಎಂದಳು ಅಕ್ಕಯ್ಯಮ್ಮ.

ಹೇಳುವುದು ಬಹಳವಿತ್ತು.

"ನಾನು ಮನೇಗೋದೆ ಅನ್ನವ್ವ," ಅಂದ. "ನಾಳೆ ಬರೋವಾಗ ಅವರವ್ವಂಗೆ ಎಲೆಯಡಿಕೆ ತರ್ಬೇಕಂತೆ ಅನ್ನು."

ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಖಾಲಿಯಿತ್ತು. ಜಯರಾಮಪ್ಪ ಅಲ್ಲಿ ನಿಲ್ಲದೆ ಹಿಂದಕ್ಕೆ ನಡೆದು, ಕಿಟಕಿಯ ಪಕ್ಕದಲ್ಲಿ, ರಾಗಿಚೀಲಗಳ ನಡುವೆ ಕೂತುಕೊಂಡ. ಬಸ್ಸು ಹೊರಟಿತು. ಎದುರಿನಿಂದ ಬಂದ ಲಾರಿಯೊಂದರ ದೀಪ ಮುಖದ ಮೇಲೆ ಹಾದುಹೋಯಿತು. ಅವನ ಬಲಗಾಲು ಬ್ರೇಕು ತುಳಿಯುವಂತೆ ತಾನಾಗಿ ನೆಲವನ್ನು ಒತ್ತಿತು. ಅವನು ಅದನ್ನು ಮೆಲ್ಲಗೆ ಎತ್ತಿ, ಚಪ್ಪಲಿ ಬಿಚ್ಚಿ, ಸೀಟಿನ ಮೇಲೆ ಮಡಿಸಿ ಇಟ್ಟುಕೊಂಡ. ಗೋವಿಂದ ಎಂದ. ಕಾಪಾಡು ಎಂದು ಸೇರಿಸಲು ಹೋಗಿ, ಯಾಕೋ ಅಲ್ಲಿಗೇ ನಿಲ್ಲಿಸಿ, ಮತ್ತೆ ಬರೀ ಗೋವಿಂದ ಎಂದೇ ಅನ್ನುತ್ತ ಹೋದ.